ಡ್ಯಾಶಿಂಗ್ ಕಾರ್ ಹತ್ತುವ ಮುಂಚೆ: ಕರೆಂಟ್ ಎಲ್ಲಿಂದ ಬರುತ್ತದೆ, ಶಾಕ್ ಯಾಕೆ ಹೊಡೆಯುವುದಿಲ್ಲ, ನಾವು ಏನು ನೋಡಿಕೊಳ್ಳಬೇಕು

ಡ್ಯಾಶಿಂಗ್ ಕಾರಿನ ಕಂಬದ ತುದಿಯಲ್ಲಿ ನೀಲಿ ಕಿಡಿ ಚಟಚಟ ಎಂದ ಕೂಡಲೇ ಮಕ್ಕಳು ಕಿರುಚಿ ಕುಣಿಯುತ್ತಾರೆ. ಬೇಲಿಯ ಆಚೆ ನಿಂತ ಅಪ್ಪ ಅಮ್ಮನ ಎದೆ ಝಲ್ ಎನ್ನುತ್ತದೆ. ಮೇಲೆ ಕರೆಂಟ್, ಕೆಳಗೆ ಕಬ್ಬಿಣದ ನೆಲ, ನಡುವೆ ನಮ್ಮ ಮಗು. ಭಯ ಆಗುವುದು ಸಹಜ ಅಲ್ವಾ? ನಾನು ಇರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಹೊಟ್ಟೆಪಾಡಿಗೆ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಕೆಲಸ. ಹಾಗಾಗಿ ಹತ್ತಿರದ ಮೈದಾನದಲ್ಲಿ ಮೇಳ ಶುರುವಾದರೆ ಸಾಕು, ಬಿಲ್ಡಿಂಗಿನ ಕನ್ನಡದವರು, ಸಂಘದಲ್ಲಿ ಸಿಗುವವರು ಎಲ್ಲರದ್ದೂ ಒಂದೇ ಪ್ರಶ್ನೆ: "ಅಣ್ಣಾ, ಅದರಲ್ಲಿ ಮಕ್ಕಳನ್ನು ಕೂರಿಸಬಹುದಾ?"

ಕೂರಿಸಬಹುದು. ಆದರೆ ನಾವು ಕಣ್ಣಿಡಬೇಕಾದ ಜಾಗ ಬೇರೆ. ಎಲ್ಲರೂ ಮೇಲಿನ ಕಿಡಿ ನೋಡಿ ಹೆದರುತ್ತಾರೆ. ಆ ಕಿಡಿಯಿಂದ ಕೂತವರಿಗೆ ಶಾಕ್ ಹೊಡೆಯದ ಹಾಗೆ ಕಾರನ್ನೂ ನೆಲವನ್ನೂ ಮೊದಲಿಗೇ ಯೋಚಿಸಿ ಮಾಡಿರುತ್ತಾರೆ. ನಿಜವಾಗಿ ಜೀವಕ್ಕೆ ಕುತ್ತು ಬರುವುದು ಕಾರಿನ ಹೊರಗೆ: ಸುತ್ತಲಿನ ಕಬ್ಬಿಣದ ಬೇಲಿ, ಟಿಕೆಟ್ ಡಬ್ಬಾ, ಸೀರಿಯಲ್ ಲೈಟು, ಹುಲ್ಲಿನ ಮೇಲೆ ಎಳೆದ 230 ವೋಲ್ಟಿನ ವೈರು, ಇವುಗಳಿಂದ. ಅದೂ ಮಳೆಗಾಲದಲ್ಲಿ. ಇದು ಯಾಕೆ ಹೀಗೆ ಎಂದು ಗೊತ್ತಾಗಬೇಕಾದರೆ ಮೊದಲು ಕಾರು ಓಡುವುದು ಹೇಗೆ ಎಂದು ತಿಳಿಯಬೇಕು.

ಲೋಕಲ್ ಟ್ರೇನಿನದ್ದೇ ದಾರಿ

ಮುಂಬೈಯಲ್ಲಿ ಇರುವವರಿಗೆ ಇದನ್ನು ಹೇಳುವುದು ಸುಲಭ. ಲೋಕಲ್ ಟ್ರೇನಿನ ಮೇಲೆ ಒಂದು ತಂತಿ ಇದೆ, ಅದರಲ್ಲಿ 25,000 ವೋಲ್ಟ್ ಎಸಿ (ದಿಕ್ಕು ಬದಲಾಗುತ್ತಲೇ ಇರುವ ಕರೆಂಟ್). ಛಾವಣಿಯ ಮೇಲಿನ ಪ್ಯಾಂಟೊಗ್ರಾಫ್ ಆ ತಂತಿಯನ್ನು ಸವರಿಕೊಂಡು ಕರೆಂಟ್ ಎಳೆದುಕೊಳ್ಳುತ್ತದೆ. ಕರೆಂಟ್ ಒಳಗಿನ ಯಂತ್ರಗಳಲ್ಲಿ ಕೆಲಸ ಮುಗಿಸಿ ಗಾಲಿಗೆ ಇಳಿಯುತ್ತದೆ, ಗಾಲಿಯಿಂದ ಹಳಿಗೆ, ಹಳಿಯಿಂದ ಸಬ್‌ಸ್ಟೇಷನ್ನಿಗೆ ವಾಪಸ್. 1925ರ ಫೆಬ್ರವರಿ 3ರಂದು ವಿಟಿಯಿಂದ (ಈಗಿನ ಸಿಎಸ್ಎಂಟಿ ಸ್ಟೇಷನ್) ಕುರ್ಲಾಕ್ಕೆ ದೇಶದ ಮೊದಲ ಎಲೆಕ್ಟ್ರಿಕ್ ಟ್ರೇನ್ ಓಡಿದಾಗ ತಂತಿಯಲ್ಲಿ ಇದ್ದದ್ದು 1,500 ವೋಲ್ಟ್ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್), ಆದರೆ ದಾರಿ ಇದೇ. ಅದಕ್ಕೂ ಮೊದಲು, 1907ರಲ್ಲಿ ಬೊಂಬಾಯಿಯ ರಸ್ತೆಗೆ ಬಂದು 1964ರಲ್ಲಿ ನಿಂತುಹೋದ ಎಲೆಕ್ಟ್ರಿಕ್ ಟ್ರಾಮ್‌ಗಳೂ ಇದೇ ಜಾತಿಯವು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮ್ಯಾಕ್ಸ್ ಸ್ಟೋರರ್, ಹೆರಾಲ್ಡ್ ಸ್ಟೋರರ್ ಎಂಬ ಇಬ್ಬರು 1920ರ ಆಸುಪಾಸಿನಲ್ಲಿ 'ಡಾಡ್ಜೆಮ್' ಎಂಬ ಹೆಸರಿನಲ್ಲಿ ಡ್ಯಾಶಿಂಗ್ ಕಾರನ್ನು ತಂದಾಗ ಅವರ ಕಣ್ಣ ಮುಂದೆಯೂ ಊರೂರಲ್ಲಿ ಟ್ರಾಮ್ ಓಡುತ್ತಿತ್ತು.

ಈಗ ಒಂದು ವಿಷಯ ಗಮನಿಸಿ. ರೈಲಿನ ತಂತಿಯ ಹತ್ತಿರ ಹೋದರೂ ಜೀವ ಉಳಿಯುವುದಿಲ್ಲ. ಆದರೆ ಹಳಿ ರಿಪೇರಿ ಮಾಡುವ ಗ್ಯಾಂಗ್‌ಮನ್‌ಗಳು ಅದೇ ಹಳಿಯನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುತ್ತಾರೆ. ಕರೆಂಟ್ ಎರಡರಲ್ಲೂ ಹರಿಯುತ್ತದೆ, ಆದರೂ ಒಂದು ಕೊಲ್ಲುತ್ತದೆ, ಇನ್ನೊಂದು ಸುಮ್ನೆ ಬಿದ್ದಿರುತ್ತದೆ. ಯಾಕೆಂದರೆ ಹಳಿಯೂ ನೆಲವೂ ಹೆಚ್ಚುಕಡಿಮೆ ಒಂದೇ ವೋಲ್ಟೇಜಿನಲ್ಲಿ ಇರುತ್ತವೆ. ಶಾಕ್ ಹೊಡೆಯಬೇಕಾದರೆ ಮೈಯ ಎರಡು ಜಾಗಕ್ಕೆ ಎರಡು ಬೇರೆ ಬೇರೆ ವೋಲ್ಟೇಜ್ ತಗುಲಬೇಕು, ಆಗ ಮಾತ್ರ ಕರೆಂಟ್ ಮೈಯೊಳಗೆ ನುಗ್ಗಿ ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತದೆ. ಕೈಗೂ ಕಾಲಿಗೂ ಒಂದೇ ವೋಲ್ಟೇಜ್ ಇದ್ದರೆ ಕರೆಂಟಿಗೆ ನಮ್ಮ ಮೈಯಲ್ಲಿ ಏನೂ ಕೆಲಸವಿಲ್ಲ.

ಡ್ಯಾಶಿಂಗ್ ಕಾರಿನ ಸುರಕ್ಷತೆಯ ಮುಕ್ಕಾಲು ಪಾಲು ಈ ಒಂದು ಮಾತಿನಲ್ಲೇ ಇದೆ.

ಜಾಲರಿ, ಕಂಬ, ನೆಲ

ಮೇಳಗಳಲ್ಲಿ ನೋಡುವ ಹಳೇ ಮಾದರಿಯಲ್ಲಿ ಚಾವಣಿಗೆ ಉದ್ದಕ್ಕೂ ಒಂದು ಲೋಹದ ಜಾಲರಿ ಬಿಗಿದಿರುತ್ತಾರೆ. ಕೋಳಿಗೂಡಿಗೆ ಹಾಕುವ ಬಲೆಯ ಹಾಗೆಯೇ ಕಾಣುತ್ತದೆ. ದೊಡ್ಡವರು ಕಾರಿನಲ್ಲಿ ಕೂತು ಕೈ ಎತ್ತಿದರೂ ಎಟುಕದಷ್ಟು ಎತ್ತರದಲ್ಲಿ ಇರುತ್ತದೆ. ವೋಲ್ಟೇಜ್ ಇರುವ, ಮುಟ್ಟಬಾರದ ತುದಿ ಇದು. ಕಾರಿನ ಹಿಂದೆ ನಿಂತ ಕಂಬದ ತಲೆಯಲ್ಲಿ ಸ್ಪ್ರಿಂಗ್ ಒತ್ತಿ ಹಿಡಿದ ಒಂದು ಲೋಹದ ತುಂಡು ಇರುತ್ತದೆ, ಅದು ಜಾಲರಿಯನ್ನು ಸವರುತ್ತಾ ಹೋಗುತ್ತದೆ. ಕಂಬದ ಒಳಗಿನ ವೈರಿನಿಂದ ಕರೆಂಟ್ ಮೋಟರಿಗೆ ಇಳಿಯುತ್ತದೆ. ಮೋಟರಿನಿಂದ ಹೊರಟದ್ದು ಕಾರಿನ ಕೆಳಗಿನ ಲೋಹದ ಗಾಲಿ ಅಥವಾ ಬ್ರಷ್ ಮೂಲಕ ಉಕ್ಕಿನ ನೆಲಕ್ಕೆ ಸೇರಿ ವಾಪಸ್ ಹೋಗುತ್ತದೆ. ನೆಲವನ್ನು ಭೂಮಿಗೆ ಅರ್ಥಿಂಗ್ ಮಾಡಿರುತ್ತಾರೆ. ಲೋಕಲ್‌ನ ಹಳಿ ಮಾಡುವ ಕೆಲಸವನ್ನೇ ಇಲ್ಲಿ ಇಡೀ ನೆಲ ಮಾಡುತ್ತದೆ.

ಹಾಗಾಗಿ ಕಾರಿನ ಚಾಸಿ (ಕೆಳಗಿನ ಲೋಹದ ಚೌಕಟ್ಟು), ನೆಲ, ನೆಲದ ಮೇಲೆ ನಿಂತ ಕೆಲಸದ ಹುಡುಗ, ಎಲ್ಲರೂ ಒಂದೇ ವೋಲ್ಟೇಜಿನಲ್ಲಿ ಇರುತ್ತಾರೆ. ಅವನು ಓಡುತ್ತಿರುವ ಕಾರಿನ ಹಿಂದೆ ಒಂದು ಕಾಲು ಇಟ್ಟು ಕಂಬ ಹಿಡಿದು ತೇಲಿಕೊಂಡು ಹೋಗುವುದನ್ನು ನೀವು ನೋಡಿರಬಹುದು. ಅವನಿಗೆ ಶಾಕ್ ಹೊಡೆಯದೆ ಇರುವುದು ಇದೇ ಕಾರಣಕ್ಕೆ. (ಅವನು ಹಾಗೆ ಹೋಗುವುದು ಸರಿ ಅಂತ ನಾನು ಹೇಳುತ್ತಿಲ್ಲ. ಕಾರುಗಳ ನಡುವೆ ಸಿಕ್ಕಿಬಿದ್ದರೆ ಮೂಳೆ ಮುರಿಯುತ್ತದೆ.)

ಇನ್ನೊಂದು ರಕ್ಷಣೆ ವೋಲ್ಟೇಜಿನದ್ದೇ. ಮನೆಯ ಪ್ಲಗ್ಗಿನಲ್ಲಿ ಇರುವುದು 230 ವೋಲ್ಟ್ ಎಸಿ. ಮೈದಾನಕ್ಕೆ ಬರುವ ತ್ರೀ ಫೇಸ್ ಲೈನಿನಲ್ಲಿ 415. ಅದನ್ನು ನೇರವಾಗಿ ಜಾಲರಿಗೆ ಕೊಡುವುದಿಲ್ಲ. ಪಕ್ಕದಲ್ಲಿ ಗುಂಯ್ ಎನ್ನುವ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ ನೋಡಿ, ಅದರಲ್ಲಿ ಟ್ರಾನ್ಸ್‌ಫಾರ್ಮರ್, ರೆಕ್ಟಿಫಯರ್ ಇರುತ್ತವೆ. ಅವು ವೋಲ್ಟೇಜನ್ನು ಇಳಿಸಿ ಡಿಸಿ ಮಾಡುತ್ತವೆ. ಎಷ್ಟೋ ಕಡೆ ಇದು 90 ವೋಲ್ಟ್ ಆಸುಪಾಸು ಇರುತ್ತದೆ. ಒಣ ಜಾಗದಲ್ಲಿ 50 ವೋಲ್ಟ್ ಎಸಿ, 120 ವೋಲ್ಟ್ ಡಿಸಿ ವರೆಗಿನದ್ದನ್ನು ಅಂತಾರಾಷ್ಟ್ರೀಯ ಮಾನದಂಡಗಳು ಅತಿ ಕಡಿಮೆ ವೋಲ್ಟೇಜ್ ಎಂದು ಲೆಕ್ಕ ಹಾಕುತ್ತವೆ. ಒದ್ದೆ ಜಾಗಕ್ಕೆ ಈ ಮಿತಿ ಎಷ್ಟೋ ಕೆಳಗೆ ಇಳಿಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮಳೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

90 ವೋಲ್ಟ್ ಅಂದರೆ ಏನೂ ಆಗುವುದಿಲ್ಲ ಅಂತ ತಿಳಿಯಬೇಡಿ. ನಮ್ಮ ಮೈಗೆ ಕೆಲವೇ ಮಿಲಿಆಂಪಿಯರ್ ಸಾಕು. ಎಸಿ ಕರೆಂಟ್ ಒಂದು ಮಿಲಿಆಂಪಿಯರ್ ಹರಿದರೆ ಜುಮ್ ಎನ್ನುತ್ತದೆ. ಹತ್ತರ ಹತ್ತಿರ ಬಂದರೆ ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ, ಸ್ನಾಯು ಬಿಗಿದುಕೊಳ್ಳುತ್ತದೆ. ಮನೆಯ ಇಎಲ್‌ಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) 30 ಮಿಲಿಆಂಪಿಯರಿಗೆ ಕಟ್ ಆಗುವ ಹಾಗೆ ಇರುವುದು ಇದಕ್ಕೇ. ಡಿಸಿಗೆ ಈ ಅಂಕಿಗಳು ಸ್ವಲ್ಪ ಮೇಲೆ ಇರುತ್ತವೆ, ಅಷ್ಟೇ. ಬೆವೆತ ಕೈಯಲ್ಲಿ ಮೈಯ ತಡೆ ಸಾವಿರ ಓಮ್ ಹತ್ತಿರಕ್ಕೆ ಇಳಿದಿದ್ದರೆ 90 ವೋಲ್ಟಿಗೂ 90 ಮಿಲಿಆಂಪಿಯರ್ ಲೆಕ್ಕ ಬರುತ್ತದೆ. ಹಾಗಾಗಿ ಜಾಲರಿ ಕೈಗೆ ಸಿಗಬಾರದು. ಸಿಗದಷ್ಟು ಎತ್ತರದಲ್ಲಿ ಇಟ್ಟಿದ್ದಾರೆ, ಸರಿ. ಆದರೆ ಸೆಲ್ಫಿ ಸ್ಟಿಕ್ಕಿಗೆ ಆ ಎತ್ತರ ಸಿಗುತ್ತದೆ. ಛತ್ರಿಗೂ ಸಿಗುತ್ತದೆ. ಹೆಗಲ ಮೇಲೆ ಕೂತ ಮಗುವಿನ ಕೈಗೂ ಸಿಗಬಹುದು. ಲೋಹದ ಸೆಲ್ಫಿ ಸ್ಟಿಕ್ ಹಿಡಿದು ಕಾರಿನಲ್ಲಿ ಕೂತು ವಿಡಿಯೊ ಮಾಡುವವರನ್ನು ನಾನು ಎರಡು ಮಾತಿಲ್ಲದೆ ತಡೆಯುತ್ತೇನೆ, ನೀವೂ ತಡೆಯಿರಿ.

ಕಿಡಿ ಯಾಕೆ ಹಾರುತ್ತದೆ

ಕಾರು ಓಡುವಾಗ ಕಂಬ ಕುಲುಕಾಡುತ್ತದೆ. ತುದಿಯ ತುಂಡು ಜಾಲರಿಯಿಂದ ಒಂದು ಕ್ಷಣ ಬಿಟ್ಟು ಮತ್ತೆ ತಾಗುತ್ತದೆ. ಮೋಟರಿನ ಸುರುಳಿಯಲ್ಲಿ ಹರಿಯುತ್ತಿರುವ ಕರೆಂಟ್ ತಟಕ್ಕನೆ ನಿಲ್ಲಲು ಒಪ್ಪುವುದಿಲ್ಲ, ಆ ಚಿಕ್ಕ ಸಂದಿನ ಗಾಳಿಯನ್ನು ದಾಟಿಕೊಂಡೇ ಹರಿಯುತ್ತದೆ. ಅದೇ ಕಿಡಿ. ಮಳೆಗಾಲದ ರಾತ್ರಿ ಲೋಕಲ್ ಮೇಲೆ ನೀಲಿ ಬೆಳಕು ಮಿಂಚುವುದೂ ಇದೇ. ಕಿಡಿ ಹಾರಿದರೆ ಕರೆಂಟ್ ಕೂತವರ ಮೇಲೆ ಹಾರಿತು ಎಂದು ಅರ್ಥವಲ್ಲ, ಅದು ಜಾಲರಿಯಿಂದ ಕಂಬಕ್ಕೇ ಹೋಗುತ್ತಿದೆ.

ಆದರೂ ಕಿಡಿ ನೋಡಿ ಒಂದು ವಿಷಯ ತಿಳಿಯಬಹುದು. ಅಲ್ಲೊಂದು ಇಲ್ಲೊಂದು ಚಟಕ್ ಎಂದರೆ ಸರಿ. ಒಂದೇ ಕಾರು ಹೋದಲ್ಲೆಲ್ಲ ದೊಡ್ಡ ಕಿಡಿ ಉದುರಿಸುತ್ತಾ, ನಡುನಡುವೆ ನಿಂತು ಮುಗ್ಗರಿಸುತ್ತಾ ಇದ್ದರೆ ಅದರ ತುದಿ ಸವೆದಿದೆ ಅಥವಾ ಸ್ಪ್ರಿಂಗ್ ಸಡಿಲವಾಗಿದೆ. ಎಲ್ಲ ಕಾರೂ ಒಂದೇ ಜಾಗದಲ್ಲಿ ಕಿಡಿ ಬಿಟ್ಟರೆ ಅಲ್ಲಿ ಜಾಲರಿ ಹರಿದಿದೆ, ಇಲ್ಲವೇ ಜೋತುಬಿದ್ದಿದೆ. ಕಿಡಿಯ ಜೊತೆ ಕಾದ ಲೋಹದ ಪುಡಿಯೂ ಉದುರಬಹುದು. ಕಣ್ಣಿಗೆ ಬಿದ್ದರೆ ಕೆಟ್ಟದ್ದು, ಮೇಲೆ ನೋಡುತ್ತಾ ಕೂರಬೇಡ ಎಂದು ಮಕ್ಕಳಿಗೆ ಹೇಳಿ.

ಠಾಣೆ ಕಡೆಯ ಒಂದು ಮೈದಾನದಲ್ಲಿ, ಮೇಳ ತೆರೆಯುವ ಮುಂಚೆ, ಒಬ್ಬ ಹಿರಿಯ ಆಪರೇಟರ್ ಕೆಲಸ ಮಾಡುವುದನ್ನು ಹತ್ತಿರ ನಿಂತು ನೋಡಿದ್ದೇನೆ. ಮೊದಲು ಮೇನ್ ಸ್ವಿಚ್ ಇಳಿಸಿದರು. ಹಿಡಿಗೆ ಒಂದು ಬೀಗ ಹಾಕಿ ಕೀಲಿ ಅಂಗಿಯ ಜೇಬಿಗೆ ಹಾಕಿಕೊಂಡರು. ಆಮೇಲೆ ಒಂದೊಂದೇ ಕಾರಿನ ಕಂಬ ಬಗ್ಗಿಸಿ, ತುದಿಯ ಕರಿ ಮಸಿಯನ್ನು ಎಮರಿ ಪೇಪರಿನಿಂದ ತಿಕ್ಕಿದರು. ತಾಮ್ರ ಹೊಳೆಯುವ ತನಕ ಬಿಡಲಿಲ್ಲ. ಹೆಬ್ಬೆರಳಿನಿಂದ ಒತ್ತಿ ಸ್ಪ್ರಿಂಗ್ ನೋಡಿದರು. ಕಾರನ್ನು ಪಕ್ಕಕ್ಕೆ ವಾಲಿಸಿ ಕೆಳಗಿನ ಬ್ರಷ್ಷಿನಲ್ಲಿ ಸಿಕ್ಕ ಕೂದಲು, ಚಾಕೊಲೇಟ್ ಕಾಗದ ಕಿತ್ತು ತೆಗೆದರು. "ಊಪರ್ ಸೆ ಜ್ಯಾದಾ ನೀಚೆ ದೇಖನಾ ಪಡತಾ ಹೈ, ದಾದಾ" ಎಂದರು. ಮೇಲಿಗಿಂತ ಕೆಳಗೆ ಜಾಸ್ತಿ ನೋಡಬೇಕಂತೆ.

ಅವರ ಮಾತು ಪೂರ್ತಿ ಸರಿ. ನೆಲದ ಕಡೆ ಸಂಪರ್ಕ ಕೆಟ್ಟರೆ ಏನಾಗುತ್ತದೆ ಯೋಚಿಸಿ. ಮೇಲಿನಿಂದ ಬಂದ ಕರೆಂಟ್ ಮೋಟರ್ ದಾಟಿ ಚಾಸಿಗೆ ಬಂದಿದೆ, ಅಲ್ಲಿಂದ ನೆಲಕ್ಕೆ ಹೋಗಲು ದಾರಿ ಇಲ್ಲ. ಕಾರು ನಿಂತುಬಿಡುತ್ತದೆ. ಜೊತೆಗೆ ಚಾಸಿಯ ಲೋಹ ಜಾಲರಿಯ ವೋಲ್ಟೇಜಿಗೆ ಏರಿಬಿಡುತ್ತದೆ. ಆಗ ಒಬ್ಬ ಮನುಷ್ಯ ನೆಲದ ಮೇಲೆ ಕಾಲಿಟ್ಟು ಕಾರಿನ ಲೋಹ ಮುಟ್ಟಿದರೆ ಕರೆಂಟಿಗೆ ಅವನೇ ದಾರಿ. ಅದಕ್ಕೇ ಒಳ್ಳೆಯ ಕಾರುಗಳಲ್ಲಿ ನೆಲಕ್ಕೆ ತಾಗುವ ಬಿಂದು ಒಂದಕ್ಕಿಂತ ಜಾಸ್ತಿ ಇರುತ್ತವೆ, ಮೈ ಫೈಬರಿನದ್ದು ಇರುತ್ತದೆ, ಸೀಟು ಸ್ಟೀರಿಂಗು ಎಲ್ಲಕ್ಕೂ ರಬ್ಬರ್, ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ನೆಲ ಗುಡಿಸಿ ಎಣ್ಣೆ, ರಬ್ಬರ್ ಪುಡಿ ಒರೆಸುವುದು ಬರೀ ಅಂದಕ್ಕಲ್ಲ. ಕೆಲವರು ನೆಲದ ಮೇಲೆ ಗ್ರಾಫೈಟ್ ಪುಡಿ ಹಚ್ಚುವುದೂ ಕರೆಂಟ್ ಚೆನ್ನಾಗಿ ಹರಿಯಲಿ ಎಂದೇ.

ಇದರಿಂದ ಕೂತವರಿಗೆ ಒಂದು ನಿಯಮ ಬರುತ್ತದೆ, ಇಡೀ ಬರಹದಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕಾದದ್ದು ಇದೊಂದೇ: ಕಾರು ನಡುವೆ ನಿಂತರೆ ಇಳಿಯಬೇಡ. ಕಾಲು ಒಳಗೇ ಇರಲಿ, ಕೈ ಎತ್ತಿ ಕೂಗು. ಕೆಟ್ಟು ನಿಂತ ಕಾರಿನಿಂದ ಇಳಿಯುವಾಗಲೇ ಒಂದು ಕಾಲು ನೆಲದಲ್ಲಿ, ಒಂದು ಕೈ ಕಾರಿನ ಮೇಲೆ ಇರುವುದು. ಅದೂ ಅಲ್ಲದೆ ಉಳಿದ ಕಾರುಗಳು ಓಡುತ್ತಲೇ ಇರುತ್ತವೆ.

ಮೇಲೆ ಜಾಲರಿ ಇಲ್ಲದವು

ಪುಣೆ, ನವಿ ಮುಂಬೈ ಕಡೆಯ ಮಾಲ್‌ಗಳಲ್ಲಿ ಕಂಬವೇ ಇಲ್ಲದ ಕಾರು ನೋಡಿರುತ್ತೀರಿ. ಅವುಗಳಲ್ಲಿ ಒಂದು ಜಾತಿಗೆ ನೆಲದಿಂದಲೇ ಕರೆಂಟ್. ನೆಲದಲ್ಲಿ ಲೋಹದ ಪಟ್ಟಿಗಳನ್ನು ಸಾಲಾಗಿ ಕೂರಿಸಿ, ನಡುವೆ ಕರೆಂಟ್ ಹರಿಯದ ಪಟ್ಟಿ ಇಟ್ಟು, ಒಂದಕ್ಕೆ ಪಾಸಿಟಿವ್ ಮುಂದಿನದಕ್ಕೆ ನೆಗೆಟಿವ್ ಎಂದು ಕೊಟ್ಟಿರುತ್ತಾರೆ. ಕಾರಿನ ಕೆಳಗೆ ಹಲವು ಬ್ರಷ್‌ಗಳು. ಕಾರು ಹೇಗೆ ತಿರುಗಿದರೂ ಒಂದು ಬ್ರಷ್ ಪಾಸಿಟಿವ್ ಮೇಲೆ, ಇನ್ನೊಂದು ನೆಗೆಟಿವ್ ಮೇಲೆ ಬೀಳುವ ಹಾಗೆ ಜೋಡಿಸಿರುತ್ತಾರೆ. ಯಾವ ಬ್ರಷ್ ಯಾವ ಪಟ್ಟಿಗೆ ಬಿತ್ತು ಎಂಬುದು ಕ್ಷಣಕ್ಷಣಕ್ಕೂ ಬದಲಾಗುತ್ತದಲ್ಲ, ಅದನ್ನು ಡಯೋಡ್‌ಗಳು ಸರಿಮಾಡಿ ಮೋಟರಿಗೆ ಯಾವಾಗಲೂ ಒಂದೇ ದಿಕ್ಕಿನ ಕರೆಂಟ್ ಕೊಡುತ್ತವೆ.

ಇಲ್ಲಿ ಮನುಷ್ಯ ನಡೆದರೆ ಎರಡು ಕಾಲು ಎರಡು ಬೇರೆ ಪಟ್ಟಿಯ ಮೇಲೆ ಬೀಳುವುದು ಖಂಡಿತ. ಎತ್ತರದ ರಕ್ಷಣೆಯೂ ಇಲ್ಲ, ಒಂದೇ ವೋಲ್ಟೇಜಿನ ರಕ್ಷಣೆಯೂ ಇಲ್ಲ. ಉಳಿದದ್ದು ಒಂದೇ, ವೋಲ್ಟೇಜನ್ನೇ ತೀರಾ ಕೆಳಗೆ ಇಳಿಸುವುದು. ಅದಕ್ಕೆ ಇವು 24 ಅಥವಾ 48 ವೋಲ್ಟ್ ಡಿಸಿಯಲ್ಲಿ ಓಡುತ್ತವೆ. ಒಣಗಿದ ಚರ್ಮಕ್ಕೆ ಇಷ್ಟು ತಗುಲಿದರೆ ಗೊತ್ತೂ ಆಗುವುದಿಲ್ಲ. ಆದರೆ ವೋಲ್ಟೇಜ್ ಕಡಿಮೆ ಇದ್ದಷ್ಟೂ ಅದೇ ಕೆಲಸಕ್ಕೆ ಆಂಪಿಯರ್ ಜಾಸ್ತಿ ಬೇಕು. ಹಾಗಾಗಿ ಬಿದ್ದ ಕೀಗೊಂಚಲೋ ಹೇರ್‌ಪಿನ್ನೋ ಎರಡು ಪಟ್ಟಿಗಳ ನಡುವೆ ಸೇತುವೆಯಾದರೆ ಕೆಂಪಗೆ ಕಾಯುತ್ತದೆ. ಶಾಕ್ ಹೊಡೆಯುವುದಿಲ್ಲ, ಕೈ ಸುಡುತ್ತದೆ. ಬಿದ್ದ ಸಾಮಾನು ಎತ್ತಲು ಬಗ್ಗಬೇಡಿ, ಆಪರೇಟರಿಗೆ ಹೇಳಿ.

ಇನ್ನು ಬ್ಯಾಟರಿ ಕಾರು. ಚಿಕ್ಕ ಮಕ್ಕಳದ್ದು ಹೆಚ್ಚಾಗಿ ಇದೇ. 12 ವೋಲ್ಟಿನ ಎರಡು ಬ್ಯಾಟರಿ, ಒಟ್ಟು 24. ಓಡುವಾಗ ಶಾಕಿನ ಮಾತೇ ಇಲ್ಲ. ಚಾರ್ಜಿಂಗ್ ಜಾಗದ ಹತ್ತಿರ ಮಾತ್ರ ಮಕ್ಕಳನ್ನು ಬಿಡಬೇಡಿ. ಚಾರ್ಜರಿನ ಒಂದು ಕಡೆ 230 ವೋಲ್ಟ್ ಇದೆ, ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲವೂ ಬರುತ್ತದೆ.

ಸ್ಟೀರಿಂಗ್, ಪೆಡಲ್

ಅಕ್ಕನ ಮಗಳು ಮೊದಲ ಸಲ ಕೂತಾಗ ಒಂದೇ ಸಮನೆ ಕೂಗಿದಳು: "ಮಾಮಾ, ನಾನು ಸುತ್ತಿದಷ್ಟೂ ಇದು ಹಿಂದಕ್ಕೇ ಹೋಗುತ್ತಿದೆ!" ಕಾರು ಕೆಟ್ಟಿರಲಿಲ್ಲ. ಎಷ್ಟೋ ಡ್ಯಾಶಿಂಗ್ ಕಾರುಗಳಲ್ಲಿ ಮೋಟರ್ ಮುಂದಿನ ಗಾಲಿಯ ಜೊತೆಗೇ ಇರುತ್ತದೆ, ಸ್ಟೀರಿಂಗ್ ತಿರುಗಿಸಿದರೆ ಮೋಟರ್ ಗಾಲಿ ಎರಡೂ ಒಟ್ಟಿಗೆ ತಿರುಗುತ್ತವೆ. ಅರ್ಧ ಸುತ್ತು ತಿರುಗಿಸಿದರೆ ಗಾಲಿಯ ಮುಖ ಹಿಂದಕ್ಕಾಗಿ ಕಾರು ಹಿಮ್ಮುಖ ಓಡುತ್ತದೆ. ಮೂಲೆಯಲ್ಲಿ ಸಿಕ್ಕಿಹಾಕಿಕೊಂಡರೆ ಇದೇ ಉಪಾಯ: ಪೆಡಲ್ ಒತ್ತಿಕೊಂಡೇ ಸ್ಟೀರಿಂಗನ್ನು ಒಂದೇ ದಿಕ್ಕಿಗೆ ಸುತ್ತುತ್ತಾ ಹೋಗಿ, ಕಾರು ತಾನಾಗಿ ಹೊರಗೆ ಬರುತ್ತದೆ.

ಪೆಡಲ್ ಬರೀ ಸ್ವಿಚ್. ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ವೇಗ ಗಂಟೆಗೆ 8 ಕಿಲೋಮೀಟರ್ ಆಸುಪಾಸು ಅಷ್ಟೇ, ಆದರೆ ಕಾರು ಭಾರ ಇರುತ್ತದೆ. ಸುತ್ತಲಿನ ರಬ್ಬರ್ ಬಂಪರ್ ಗುದ್ದನ್ನು ನುಂಗಿಕೊಳ್ಳುತ್ತದೆ, ಕೂತವರ ಕುತ್ತಿಗೆಗೆ ಅಂಥ ರಬ್ಬರ್ ಇಲ್ಲ. ಬೆನ್ನು ಸೀಟಿಗೆ ಒರಗಿರಲಿ, ಬೆಲ್ಟ್ ಇರಲಿ, ಮುಖ ಸ್ಟೀರಿಂಗಿಗೆ ಬಗ್ಗಿರಬಾರದು. ದುಪಟ್ಟಾ, ಉದ್ದ ಜಡೆ ಒಳಗೆ ಸೇರಿಸಿ. ಗರ್ಭಿಣಿಯರು, ಬೆನ್ನು ಕುತ್ತಿಗೆ ನೋವಿರುವವರು ಕೂರುವುದು ಬೇಡ. ಮಡಿಲಲ್ಲಿ ಹಸುಗೂಸು ಇಟ್ಟುಕೊಂಡು ಕೂರುವುದಂತೂ ಬೇಡವೇ ಬೇಡ.

ಮಳೆ, ಉಪ್ಪು ಗಾಳಿ, ಮತ್ತು ನಿಜವಾದ ಅಪಾಯ

ನಮ್ಮ ಕಡೆಯ ಹಬ್ಬಗಳ ಕ್ಯಾಲೆಂಡರ್ ನೋಡಿ. ಗಣೇಶೋತ್ಸವ, ಸೆಪ್ಟೆಂಬರಿನ ಬಾಂದ್ರಾ ಮೌಂಟ್ ಮೇರಿ ಜಾತ್ರೆ, ಶ್ರಾವಣದಲ್ಲಿ ಗೋವಾದ ವಾಸ್ಕೋ ದಾಮೋದರ ಸಪ್ತಾಹ, ಎಲ್ಲ ಮಳೆ ಇನ್ನೂ ಬಿಡದ ದಿನಗಳಲ್ಲೇ. ಮೈದಾನ ಕೆಸರು, ಶಾಮಿಯಾನ ತೊಟ್ಟಿಕ್ಕುತ್ತಿರುತ್ತದೆ, ಜನ ಬರಿಗಾಲಲ್ಲಿ ಅಥವಾ ಒದ್ದೆ ಚಪ್ಪಲಿಯಲ್ಲಿ ನಿಂತಿರುತ್ತಾರೆ. ಮೈಯ ತಡೆ ತೀರಾ ಇಳಿದಿರುತ್ತದೆ.

ಇಂಥ ದಿನ ಜಾಲರಿಯನ್ನು ಹಿಡಿದಿರುವ ಇನ್ಸುಲೇಟರ್‌ಗಳ ಮೇಲೆ ನೀರು ಇಳಿದರೆ, ಕರೆಂಟ್ ಆ ನೀರಿನ ಎಳೆಯ ಮೇಲೆ ಹರಿದು ಚಾವಣಿಯ ಕಬ್ಬಿಣದ ಕಂಬಕ್ಕೆ ಬರಬಹುದು. ಸಮುದ್ರದ ಹತ್ತಿರ ಇನ್ನೂ ಕಷ್ಟ, ಉಪ್ಪು ಕೂತ ಇನ್ಸುಲೇಟರ್ ಬರೀ ತೇವಕ್ಕೇ ಕರೆಂಟ್ ಬಿಡುತ್ತದೆ, ತಾಮ್ರದ ಜೋಡಣೆಗಳು ಹಸಿರುಗಟ್ಟುತ್ತವೆ. ಚಾವಣಿ ಸೋರುತ್ತಿದ್ದರೆ ಆ ರೈಡ್ ನಿಲ್ಲಿಸಬೇಕು. ನಿಲ್ಲಿಸಿಲ್ಲ ಎಂದರೆ ನೀವು ಹತ್ತಬೇಡಿ.

ಆದರೆ ಇದಕ್ಕಿಂತ ದೊಡ್ಡದು ಸುತ್ತಲಿನ 230 ವೋಲ್ಟ್. ಡಿಸಿ ಕಡೆ ಇಷ್ಟೆಲ್ಲ ಯೋಚಿಸಿ ಮಾಡಿದ ಕಾರಿನ ಪಕ್ಕದಲ್ಲೇ, ಟೇಪ್ ಸುತ್ತಿದ ವೈರು ನೀರಿನಲ್ಲಿ ಬಿದ್ದಿರುತ್ತದೆ. ಬೇಲಿಗೆ ಸೀರಿಯಲ್ ಲೈಟನ್ನು ಬರೀ ವೈರಿನ ಗಂಟು ಹಾಕಿ ಬಿಗಿದಿರುತ್ತಾರೆ, ಜನ ಒರಗಿ ಒರಗಿ ಅದರ ಪ್ಲಾಸ್ಟಿಕ್ ಸವೆದು ತಾಮ್ರ ಬೇಲಿಗೆ ತಗುಲುತ್ತದೆ. ಆಮೇಲೆ ಆ ಬೇಲಿ ಹಿಡಿದು ನಿಂತ ಪ್ರತಿಯೊಬ್ಬನೂ 230 ವೋಲ್ಟಿಗೂ ಒದ್ದೆ ನೆಲಕ್ಕೂ ನಡುವೆ ನಿಂತಂತೆ. ಕಾರಿನಲ್ಲಿ ಕೂತ ಮಗು ಕ್ಷೇಮ, ಹೊರಗೆ ಬೇಲಿ ಹಿಡಿದು ಫೋಟೊ ತೆಗೆಯುತ್ತಿರುವ ಅಮ್ಮನಿಗೆ ಅಪಾಯ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ, ಯಾಕೆಂದರೆ ನಾಲ್ಕು ಅಡಿ ಪಿವಿಸಿ ಪೈಪು, ಒಂದು ಸರಿಯಾದ ಜಂಕ್ಷನ್ ಬಾಕ್ಸು, ಒಂದು ಅರ್ಥ್ ವೈರಿನಿಂದ ತಪ್ಪಿಸಬಹುದಾದ ಅಪಾಯ ಇದು.

ಹಾಗಾಗಿ ಟಿಕೆಟ್ ತೆಗೆಯುವ ಮುಂಚೆ ಒಂದು ಸುತ್ತು ಹಾಕಿ. ಕೈ ಜೇಬಿನಲ್ಲಿ ಇರಲಿ, ಏನನ್ನೂ ಮುಟ್ಟಬೇಡಿ. ವೈರು ನೆಲದ ಮೇಲೆ ಇದೆಯೇ ಅಥವಾ ಮೇಲೆ ಕಟ್ಟಿದ್ದಾರೆಯೇ ನೋಡಿ. ಜೋಡಣೆಗಳು ಡಬ್ಬದ ಒಳಗೆ ಇವೆಯೇ, ಬರೀ ಟೇಪ್ ಸುತ್ತಿದ್ದಾರೆಯೇ ನೋಡಿ. ಬೇಲಿ, ಚಾವಣಿಯ ಕಂಬ, ಕಬ್ಬಿಣದ ಪೆಟ್ಟಿಗೆ, ಜನರೇಟರ್, ಇವುಗಳಿಂದ ಹಸಿರು ವೈರು ಅಥವಾ ಚಪ್ಪಟೆ ಲೋಹದ ಪಟ್ಟಿ ಇಳಿದು ನೆಲಕ್ಕೆ ಹೊಡೆದ ರಾಡಿಗೆ ಬೋಲ್ಟ್ ಆಗಿರಬೇಕು. ಬೋಲ್ಟ್ ತುಕ್ಕು ಹಿಡಿದು ಅಲ್ಲಾಡುತ್ತಿದ್ದರೆ ಅರ್ಥಿಂಗ್ ಇದ್ದೂ ಇಲ್ಲದ ಹಾಗೆ. ಗೋವಾದ ಮುರಕಲ್ಲು ನೆಲದಲ್ಲಿ ರಾಡ್ ಒಳಗೆ ಇಳಿಯುವುದೇ ಕಷ್ಟ. ಮೇಲೆ ಮೇಲೆ ಚುಚ್ಚಿ ಬಿಟ್ಟಿರುವುದನ್ನು ನೋಡಿದರೆ ಅನುಮಾನ ಪಡಿ. ಅಲ್ಲಿ ಗುಂಡಿ ತೆಗೆದು ಇದ್ದಿಲು ಉಪ್ಪು ತುಂಬಿ ನೀರು ಹಾಕುವ ಪದ್ಧತಿಯೇ ಸರಿ.

ಆಪರೇಟರ್ ಕೂತ ಜಾಗದಿಂದ ಇಡೀ ನೆಲ ಕಾಣಬೇಕು, ಕೈಗೆ ಸಿಗುವಷ್ಟು ಹತ್ತಿರ ಕೆಂಪು ಗುಂಡಿಯ ಸ್ಟಾಪ್ ಸ್ವಿಚ್ ಇರಬೇಕು. ಆಟ ಮುಗಿದ ಮೇಲೆ ಕರೆಂಟ್ ಪೂರ್ತಿ ನಿಲ್ಲಿಸಿ, ಆಮೇಲೆ ಜನರನ್ನು ಇಳಿಸುತ್ತಾರೆಯೇ ಎಂದು ಒಂದು ಆಟ ಸುಮ್ನೆ ನಿಂತು ನೋಡಿ. ಇದೊಂದನ್ನು ನೋಡಿದರೆ ಆ ಮೇಳದವರ ಶಿಸ್ತು ಗೊತ್ತಾಗಿಬಿಡುತ್ತದೆ.

"ಇಎಲ್‌ಸಿಬಿ ಹಾಕಿದ್ದೇವೆ ಸಾರ್, ಏನೂ ಆಗುವುದಿಲ್ಲ" ಎಂದು ಕೆಲವರು ಹೇಳುತ್ತಾರೆ. ಇಎಲ್‌ಸಿಬಿ ಬೇಕೇ ಬೇಕು, ಬೇಲಿ ಲೈಟುಗಳ ಅಪಾಯದಿಂದ ಕಾಪಾಡುವುದು ಅದೇ. ಆದರೆ ಅದು ಟ್ರಾನ್ಸ್‌ಫಾರ್ಮರಿನ ಆಚೆ ಕಡೆ ನಡೆಯುವುದನ್ನು ನೋಡುವುದಿಲ್ಲ. ಮೇನ್ ಲೈನಿಗೂ ಜಾಲರಿಗೂ ನೇರ ಸಂಬಂಧ ಇಲ್ಲದ ಕಾರಣ, ಜಾಲರಿಯಿಂದ ಸೋರಿದ ಕರೆಂಟ್ ಮೇನ್ ಕಡೆಯ ಇಎಲ್‌ಸಿಬಿಗೆ ಗೊತ್ತಾಗುವುದೇ ಇಲ್ಲ. ಅದಕ್ಕೆ ಅರ್ಥಿಂಗ್, ಶುಚಿಯಾದ ನೆಲ, ಒಣಗಿದ ಚಾವಣಿ ಇವೇ ಗತಿ.

ಜುಮ್ ಎಂದರೆ, ಯಾರಿಗಾದರೂ ಹೊಡೆದರೆ

ಪುಣೆಯ ಚಳಿಗಾಲದ ಒಣ ಹವೆಯಲ್ಲಿ ಪ್ಲಾಸ್ಟಿಕ್ ಸೀಟಿನಿಂದ ಎದ್ದು ಲೋಹ ಮುಟ್ಟಿದರೆ ಚಟ್ ಎಂದು ಒಂದು ಚುಚ್ಚು ಬರುತ್ತದೆ. ಅದು ಸ್ಟ್ಯಾಟಿಕ್, ಒಂದೇ ಸಲ ಬಂದು ಹೋಗುತ್ತದೆ, ಹೆದರಬೇಡಿ. ಮುಟ್ಟಿದಷ್ಟು ಹೊತ್ತೂ ಜುಮ್ ಎನ್ನುತ್ತಲೇ ಇದ್ದರೆ, ಮತ್ತೆ ಮುಟ್ಟಿದಾಗ ಮತ್ತೆ ಬಂದರೆ, ಅದು ಸೋರಿಕೆ. ಆಪರೇಟರಿಗೆ ಹೇಳಿ ಕರೆಂಟ್ ನಿಲ್ಲಿಸಿ ಅಂತ ಕೇಳಿ. "ಥೋಡಾ ಥೋಡಾ ಹೋತಾ ಹೈ" ಎಂಬ ಉತ್ತರ ಬಂದರೆ ಒಪ್ಪಬೇಡಿ. ಟೆಸ್ಟರ್ ತಂದು ಬೇಲಿಗೆ ಚುಚ್ಚಿ ನೋಡುವ ಸಾಹಸವೂ ಬೇಡ, ಕಡಿಮೆ ವೋಲ್ಟಿನ ಡಿಸಿಗೆ ಅದರ ದೀಪ ಸರಿಯಾಗಿ ಹೊತ್ತುವುದೇ ಇಲ್ಲ.

ಯಾರಾದರೂ ಬೇಲಿಗೋ ಕಂಬಕ್ಕೋ ಅಂಟಿಕೊಂಡಿದ್ದರೆ ಅವರನ್ನು ಕೈ ಹಿಡಿದು ಎಳೆಯಬೇಡಿ. "ಮೇನ್ ಬಂದ್ ಕರೋ" ಎಂದು ಕೂಗಿ, ಮೇನ್ ಇಳಿಸಿ. ಸಿಗಲೇ ಇಲ್ಲ ಎಂದರೆ ಒಣಗಿದ ಜಾಗದಲ್ಲಿ ನಿಂತು ಪ್ಲಾಸ್ಟಿಕ್ ಕುರ್ಚಿ ಅಥವಾ ಒಣ ಮರದ ಕೋಲಿನಿಂದ ತಳ್ಳಿ. ಆಮೇಲೆ 108 ಅಥವಾ 112ಕ್ಕೆ ಫೋನ್. ಉಸಿರು ಇಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಒತ್ತಿ, ದೊಡ್ಡವರಿಗೆ ಎದೆ ಸುಮಾರು 5 ಸೆಂಟಿಮೀಟರ್ ಇಳಿಯಬೇಕು. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ. ಜೋರಾಗಿ ಶಾಕ್ ಹೊಡೆದವರು ಎದ್ದು ಕೂತು "ಏನಿಲ್ಲ" ಎಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ.

ಕೊನೆಯದಾಗಿ, ನಮ್ಮ ಕನ್ನಡ ಸಂಘಗಳವರಿಗೆ. ರಾಜ್ಯೋತ್ಸವಕ್ಕೋ ವಾರ್ಷಿಕೋತ್ಸವಕ್ಕೋ ಮೈದಾನದಲ್ಲಿ ಮಕ್ಕಳ ರೈಡ್ ಹಾಕಿಸುತ್ತೀರಿ ಎಂದಾದರೆ, ಬಾಡಿಗೆ ಮಾತಾಡುವಾಗಲೇ ಕೆಲವು ಕಾಗದ ಕೇಳಿ: ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಆ ಮೈದಾನದಲ್ಲೇ ಅಳೆದು ಬರೆದುಕೊಟ್ಟ ಅರ್ಥಿಂಗ್, ಇನ್ಸುಲೇಷನ್ ರಿಪೋರ್ಟು, ಮತ್ತು ಪೊಲೀಸ್ ಹಾಗೂ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರ್ ಕಡೆಯಿಂದ ಬೇಕಾದ ಒಪ್ಪಿಗೆ. ಹಿಂದಿನ ಊರಿನ ರಿಪೋರ್ಟು ನಡೆಯುವುದಿಲ್ಲ, ಯಾಕೆಂದರೆ ಅರ್ಥ್ ರಾಡ್ ಈಗ ಬೇರೆ ಮಣ್ಣಿನಲ್ಲಿದೆ. ಇಎಲ್‌ಸಿಬಿಯ ಟೆಸ್ಟ್ ಬಟನ್ ನಿಮ್ಮ ಎದುರಿಗೇ ಒತ್ತಿ ತೋರಿಸಲಿ. ಬೇಲಿಯ ಮೇಲೆ ಲೈಟು ಕಟ್ಟಬಾರದು ಎಂದು ಮೊದಲೇ ಹೇಳಿಬಿಡಿ. ಕಾಗದ ತೋರಿಸಲು ತಕರಾರು ಮಾಡಿದರೆ ಆ ರೈಡ್ ಬಿಟ್ಟು ಆ ಜಾಗವನ್ನು ಗಿರ್‌ಮಿಟ್, ಮಂಡಕ್ಕಿ ಸ್ಟಾಲಿಗೆ ಕೊಡಿ.